ಪ್ರಸ್ಥಾನಕ್ಕಿಟ್ಟ ಅಪ್‌ಡೇಟ್

ಶುಕ್ರವಾರ ಬೆಳಿಗ್ಗೆ ಮಿಯಾಪುರದ ಮನೆಯಲ್ಲಿ ಪ್ರಹ್ಲಾದ ಶೂಸಿನ ಲೇಸು ಕಟ್ಟುತ್ತಿದ್ದಾಗ ತಾಯಿ ಗಂಗೂಬಾಯಿ ಪಂಚಾಂಗ ಹಿಡಿದುಕೊಂಡೇ ಬಂದರು.

"ಹತ್ತೂವರಿಯಿಂದ ಹನ್ನೆರಡರ ತನಕಾ ರಾಹುಕಾಲ ಅದ. ಅದು ಶುರುವಾಗೋದರೊಳಗ ನಿನ್ನ ಅಪ್‌ಡೇಟ್ ಕಳಿಸಿಬಿಡು."

"ಅದು ತಯಾರಾಗೋದೇ ಮಧ್ಯಾಹ್ನ ಒಂದು ಗಂಟೆಕ್ಕ, ಅವ್ವಾ."

"ಆವಾಗ ದುರ್ಮುಹೂರ್ತ ಅದ. ಹಂಗಾರ ರಾಹುಕಾಲದ ಮೊದಲ ಪ್ರಸ್ಥಾನ ಇಡು!"

ಒಳ್ಳೆಯ ಹೊತ್ತಿನಲ್ಲಿ ಹೊರಡಲಾಗದವರು ಒಂದು ಗಂಟು ಕಟ್ಟಿ ನೆರೆಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊರಟರೆ ಪಯಣ ಹೊರಟಂತೆಯೇ. ಪ್ರಹ್ಲಾದನಿಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ನಂಬಿಕೆ ಇಲ್ಲ ಎನ್ನುವವರೇ ಹೆಚ್ಚು ಹೆದರುವುದು, ಆ ಮಾತು ಬೇರೆ. ಹಿಂದಿನ ಎರಡು ಅಪ್‌ಡೇಟುಗಳೂ ಮುಗ್ಗರಿಸಿದ್ದವು.

ಅವನ ಮಾದಾಪುರದ ಕಂಪನಿಯ ಸಾಫ್ಟ್‌ವೇರ್ ಮಾಡುವುದು ಇಷ್ಟೇ: ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುತ್ತಿರುವುದು, ತುಂಬುತ್ತ ಬಂದರೆ ಹಳೆಯ ಫೈಲುಗಳನ್ನು ಬೇರೆ ಡಿಸ್ಕಿಗೆ ಸಾಗಿಸುವುದು. ನಾಲ್ಕನೆಯ ಆವೃತ್ತಿಯಲ್ಲಿ ಆ ಎಣಿಕೆಯೇ ತಪ್ಪಿತ್ತು. ಬರೆದವನು ಪ್ರಹ್ಲಾದನೇ. ಕುಷಾಯಿಗೂಡದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಿಸ್ಕು ತುಂಬುತ್ತ ಬಂದಿದ್ದರೂ ನಲವತ್ತು ಪರ್ಸೆಂಟ್ ಖಾಲಿ ಎಂದು ತೋರಿಸುತ್ತಿತ್ತು. ಸಂಜೆ ನಾಲ್ಕರೊಳಗೆ ಸರಿಯಾಗದಿದ್ದರೆ ಜಾಗ ಸಾಲದೆ ರೋಗಿಗಳ ಹೊಸ ಸ್ಕ್ಯಾನುಗಳು ಉಳಿಯುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಐದನೆಯ ಆವೃತ್ತಿ ಕಳಿಸುತ್ತೇನೆಂದು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಶಾಂತಕುಮಾರನಿಗೆ ಅವನು ಮಾತು ಕೊಟ್ಟಿದ್ದ.

ಆಫೀಸಿಗೆ ಬಂದವನು ಹತ್ತೂ ಇಪ್ಪತ್ತಕ್ಕೆ, ಅಲ್ಲಿ ಯಾರಿಗೂ ಹೇಳದೆ, ಪ್ರಸ್ಥಾನವೆಂದು ಹಳೆಯ ನಾಲ್ಕನೆಯ ಆವೃತ್ತಿಯ ಫೈಲಿಗೇ 'ಐದು' ಎಂದು ಹೆಸರಿಟ್ಟು, ಗಿರಾಕಿಗಳ ಮಶೀನುಗಳು ಅಪ್‌ಡೇಟ್ ಎತ್ತಿಕೊಳ್ಳುವ ಸರ್ವರಿಗೆ ಏರಿಸಿದ. ಒಂದು ಗಂಟೆಗೆ ನಿಜವಾದ ಐದು ಅದರ ಜಾಗಕ್ಕೆ ಬರುತ್ತದೆ, ಅವ್ವನ ಮನಸ್ಸಿಗೂ ಸಮಾಧಾನ ಎಂದುಕೊಂಡ.

ಒಂದಕ್ಕೆ ಸರಿಯಾಗಿ ಅವನ ಕೈಕೆಳಗಿನ ಹುಡುಗಿ ಕಾವ್ಯಾ ನಿಜವಾದದ್ದನ್ನು ಏರಿಸಿದಳು. ಕೆಲಸಕ್ಕೆ ಸೇರಿದ ಮೇಲೆ ಅವಳ ಕೈಯಿಂದ ಹೊರಟ ಮೊದಲ ಅಪ್‌ಡೇಟ್ ಅದು. ಒಂದೂವರೆಗೆ ಶಾಂತಕುಮಾರನ ಫೋನು.

"ಸರ, ಐದನೇದು ಬಂದು ಕುಂತೈತಿ ಅಂತ ತೋರಸಾಕತ್ತೈತ್ರಿ. ಆದ್ರ ನಲವತ್ತು ಪರ್ಸೆಂಟ್ ಖಾಲಿ ಅಂತ ಮತ್ತ ಅದ ಹಳೇ ಹಾಡು!"

"ಇಲ್ಲಿ ಬರೋಬ್ಬರಿ ಐತಲ್ರಿ ಸರ," ಎಂದಳು ಕಾವ್ಯಾ, ತನ್ನ ಪರದೆ ತೋರಿಸಿ.

ಅದೇ ಐದು ಇಲ್ಲಿ ಸರಿ, ಅಲ್ಲಿ ತಪ್ಪು. ಪ್ರಹ್ಲಾದ ಶಾಂತಕುಮಾರನ ಕಡೆಯಿಂದ ಎರಡು ಸಲ ಮಶೀನು ಆರಿಸಿ ಹಚ್ಚಿಸಿದ. ಕೋಡಿನ ಒಂದೊಂದು ಸಾಲನ್ನೂ ಓದಿದ. ಪ್ರತಿ ಸಾಲೂ ಸರಿಯಾಗಿತ್ತು, ಅದೇ ಅವನನ್ನು ಹೆಚ್ಚು ಹೆದರಿಸಿತು. ಊಟದ ಡಬ್ಬಿ ತೆರೆಯಲೇ ಇಲ್ಲ.

"ನಂದ ಏನೋ ತಪ್ಪಾಗಿರಬೇಕ್ರಿ," ಎಂದಳು ಕಾವ್ಯಾ. ಅವಳ ಕಣ್ಣು ತುಂಬಿತ್ತು. ಇರಬಹುದೇನೋ ಎಂದು ಅವನಿಗೂ ಅನ್ನಿಸಿತು.

ಮೂರಕ್ಕೆ ಗಂಗೂಬಾಯಿ ಫೋನು ಮಾಡಿದರು.

"ಹೊಂಟಿತೇನಪಾ? ಹೋಗೂವಾಗ ಇಟ್ಟ ಗಂಟು ಎತ್ತಿಗೊಂಡಿ ಹೌದಲ್ಲೋ? ಮರತು ಬಿಟ್ಟು ಹೋದ್ರ ಯಾರರ ಒಯ್ದಾರು."

ಪ್ರಹ್ಲಾದ ಫೋನು ಹಿಡಿದುಕೊಂಡೇ ಸರ್ವರಿನ ದಾಖಲೆ ತೆರೆದು ನೋಡಿದ. ಒಯ್ದಿದ್ದರು. ಸ್ಕ್ಯಾನಿಂಗ್ ಸೆಂಟರಿನ ಮಶೀನು ಹತ್ತೂವರೆಗೇ ಆ ಹಳೆಯ ಗಂಟನ್ನು ಎತ್ತಿಕೊಂಡಿತ್ತು. ಒಂದು ಗಂಟೆಗೆ ನಿಜವಾದದ್ದು ಅದೇ ಹೆಸರಿನಲ್ಲಿ ಬಂದಾಗ, ಐದು ನನ್ನ ಹತ್ತಿರ ಇದೆಯಲ್ಲ ಎಂದು ತಿರುಗಿಯೂ ನೋಡಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಹೆಸರು ಬದಲಿಸಿ ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎದುರಿಗೆ ಕಾವ್ಯಾ ತನ್ನದಲ್ಲದ ತಪ್ಪನ್ನು ಇನ್ನೂ ಹುಡುಕುತ್ತಿದ್ದಳು. ಅವನಿಗೆ ವಿಪರೀತ ನಾಚಿಕೆಯಾಯಿತು.

"ಬಿಡವ್ವಾ ಕಾವ್ಯಾ, ನಿಂದಲ್ಲ," ಎಂದು ಎಲ್ಲವನ್ನೂ ಹೇಳಿದ. ಅವಳು ನಗಲಿಲ್ಲ. ಕಣ್ಣು ಒರೆಸಿಕೊಂಡು ಫೈಲಿಗೆ 'ಆರು' ಎಂದು ಹೆಸರಿಟ್ಟು ಏರಿಸಿದಳು. ಯಾರೂ ಗಡಿಯಾರ ನೋಡಲಿಲ್ಲ.

ಹತ್ತು ನಿಮಿಷಕ್ಕೆ ಶಾಂತಕುಮಾರನ ಫೋನು ಬಂತು. ಪ್ರಹ್ಲಾದ ಅದನ್ನು ಸ್ಪೀಕರಿಗೆ ಹಾಕಿದ.

"ಎರಡ ಪರ್ಸೆಂಟ್ ಉಳದೈತಿ ಅಂತ ಖರೇ ಹೇಳತೈತ್ರಿ ಈಗ! ಹಳೇ ಫೈಲೂ ಬ್ಯಾರೆ ಡಿಸ್ಕಿಗೆ ಹೋಗಾಕತ್ತಾವು. ಏನಾಗಿತ್ರಿ ಸರ?"

"ನನ್ನ ತಪ್ಪು. ರಾಹುಕಾಲ, ದುರ್ಮುಹೂರ್ತಕ್ಕ ಅಂಜಿ ಹೊಸಾ ಹೆಸರಿಲೆ ಹಳೇದನ್ನ ಮೊದಲ ಕಳಿಸಿಬಿಟ್ಟಿದ್ದೆ."

"ನಾವೂ ಸ್ಕ್ಯಾನ್ ಮಶೀನಿಗೆ ನಿಂಬಿಹಣ್ಣು ಕಟ್ಟೇವ್ರಿ ಸರ," ಎಂದ ಶಾಂತಕುಮಾರ. "ಆದ್ರ ಹೊರಗ ಕಟ್ಟೇವಿ. ಒಳಗ ಇಟ್ಟಿಲ್ಲ."

ಆಗ ಕಾವ್ಯಾ ನಕ್ಕಳು.