ಕೈಬಿಡುವ ನಗು

ಗೋಡೆಯಾಚೆ ಮಗು ನಕ್ಕಿತು, ಗಿಂಡಿಯ ಕುತ್ತಿಗೆಯಲ್ಲಿ ನೀರು ಗುಳುಗುಳು ಇಳಿದ ಹಾಗೆ — ತಕ್ಷಣ ಬಾಗಿಲು ಮುಚ್ಚಿದ ಸದ್ದು, ಮೆತ್ತಗೆ, ಅತ್ತೆಯೇ, ಅವರು ಏನನ್ನೂ ದಡಾರನೆ ಮುಚ್ಚುವವರಲ್ಲ, ನನ್ನ ಮೇಲಿನ ಅಕ್ಕರೆಗೇ ಮುಚ್ಚುವುದು, ನಿಂಗೆ ಕೇಳಿಸಿದ್ರೆ ಮತ್ತೆ ಬೀಳ್ತೀಯಲ್ಲಮ್ಮಾ ಅಂತ, ಹೌದು, ಬೀಳುತ್ತೇನೆ, ಸಿಟ್ಟಿಗೆ ಏನೂ ಆಗುವುದಿಲ್ಲ, ಎಷ್ಟು ಅತ್ತರೂ ಏನೂ ಆಗುವುದಿಲ್ಲ, ನಗು ಬಂದರೆ ಮಾತ್ರ ಮೊದಲು ದವಡೆ ಜೋಲುತ್ತದೆ, ಆಮೇಲೆ ಕೈ, ಆಮೇಲೆ ಮೊಣಕಾಲು, ಎಚ್ಚರ ಇರುತ್ತದೆ, ಎಲ್ಲ ಕೇಳುತ್ತದೆ, ಮೈ ಮಾತ್ರ ನನ್ನದಲ್ಲ. ಮಗುವಿನ ಒಗೆದ ಬಟ್ಟೆ ಮಡಚುತ್ತಿದ್ದೇನೆ, ಹೆಬ್ಬೆರಳಷ್ಟು ಉದ್ದದ ಕಾಲುಚೀಲ, ಇನ್ನೊಂದು ಇಲ್ಲ, ಯಾವಾಗಲೂ ಇನ್ನೊಂದು ಇರುವುದಿಲ್ಲ — ಮೊದಲ ಸಲ ಬಿದ್ದದ್ದು ಹೊಲಿಗೆ ಕಾರ್ಖಾನೆಯಲ್ಲಿ, ಗುಂಡಿ ಹಚ್ಚುವ ಸಾಲಿನಲ್ಲಿ, ಪಕ್ಕದ ಯಂತ್ರದವಳು ಮೇಸ್ತ್ರಿಯ ನಡಿಗೆ ತೋರಿಸಿ, ಹೊಟ್ಟೆ ತುಂಬಿದ ಬಾತುಕೋಳಿ ನೋಡೇ ಅಂದಳು, ನಾನು ಅಂಗಿಗಳ ರಾಶಿಯ ಮೇಲೆ ಇನ್ನೊಂದು ಅಂಗಿಯ ಹಾಗೆ ಬಿದ್ದೆ, ಕುಡಿದಿದಾಳೆ ಎಂದಳು ಒಬ್ಬಳು, ಬಸುರಿ ಇರ್ಬೇಕು ಎಂದಳು ಇನ್ನೊಬ್ಬಳು, ಕೇಳುತ್ತಲೇ ಇದ್ದೆ, ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಡಾಕ್ಟರಮ್ಮ ಕಾಗದದ ಹಿಂಬದಿಯಲ್ಲಿ ಮಿದುಳು ಬರೆದು ನಡುವೆ ಒಂದು ಚುಕ್ಕೆ ಇಟ್ಟರು, ಇಲ್ಲಿ ಓರೆಕ್ಸಿನ್ ಅಂತ ಒಂದು ಪದಾರ್ಥ ತಯಾರಾಗುತ್ತೆ, ನಮ್ಮನ್ನ ಎಚ್ಚರವಾಗಿ ಹಿಡಿದಿಡೋದು ಅದು, ನಕ್ಕಾಗ ಮೈ ಸಡಿಲ ಬಿಡದ ಹಾಗೆ ನೋಡ್ಕೊಳ್ಳೋದೂ ಅದೇ, ನಿಮ್ಮಲ್ಲಿ ಅದನ್ನ ತಯಾರಿಸೋ ಕೋಶಗಳೇ ಸತ್ತುಹೋಗಿವೆ, ಅದನ್ನ ಬರಮಾಡಿಕೊಳ್ಳೋ ಗ್ರಾಹಕಗಳು ಚೆನ್ನಾಗೇ ಇವೆ, ಆದ್ರೆ ಬರೋದಕ್ಕೆ ಏನೂ ಇಲ್ಲ — ಗಂಡ ತಲೆಯಾಡಿಸಿದ, ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಗ್ರಾಹಕಗಳನ್ನೇ ನೆನೆದೆ, ಪಾಪ, ತಟ್ಟೆ ಇಟ್ಟುಕೊಂಡು ಕೂತಿವೆ. ಮಾತಿಗೊಂದು ತಮಾಷೆ ಮಾಡುತ್ತಿದ್ದ ಗಂಡ ಈಗ ಹವಾಮಾನ ವರದಿ ಓದುವವನ ಹಾಗೆ ಮಾತಾಡುತ್ತಾನೆ, ನಾನು ಕಾಲಿಟ್ಟರೆ ಕೋಣೆಯಲ್ಲಿ ನಗು ನಿಲ್ಲುತ್ತದೆ, ಸಾವಿನ ಮನೆಯಲ್ಲೂ ಇಷ್ಟು ಜಾಗ್ರತೆ ಇರುವುದಿಲ್ಲ. ಮಗು ಮೊದಲ ಸಲ ಗಟ್ಟಿಯಾಗಿ ನಕ್ಕದ್ದು ನನ್ನ ತೋಳಲ್ಲೇ, ನಾನೂ ನಕ್ಕೆ, ತೋಳು ಬಿಟ್ಟುಹೋಯಿತು, ಗಂಡ ಹಾರಿ ಬಂದು ಮಗು ನೆಲ ಮುಟ್ಟುವ ಮೊದಲೇ ಹಿಡಿದ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು — ಆಮೇಲೆ ಮಾತ್ರೆ ಶುರುವಾಯಿತು, ಎದೆಹಾಲು ನಿಂತಿತು, ಹಾಲಿನ ಬಾಟಲಿ ಅತ್ತೆಯ ಕೈಗೆ ಹೋಯಿತು, ನಿದ್ದೆಹೋದ ಮೇಲೆ ಮಾತ್ರ ಮಗು ನನ್ನದು, ಬಾಯಿ ಮುಚ್ಚಿದ ಮಗು, ಮೂರು ತಿಂಗಳಿಂದ.

ಮತ್ತೆ ನಗುತ್ತಿದೆ, ಮುಚ್ಚಿದ ಬಾಗಿಲನ್ನೂ ಲೆಕ್ಕಿಸದೆ, ಯಾರದೋ ಮಗುವಿನ ಹಾಗೆ — ಎದ್ದೆ, ಬಾಗಿಲು ತಳ್ಳಿದೆ, ಅತ್ತೆ ನಗುತ್ತಿದ್ದವರು ಕದ್ದು ತಿಂದವರ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡರು, ನಾನು ನೆಲದ ಹಾಸಿಗೆಯ ಮೇಲೆ ಅಂಗಾತ ಮಲಗಿದೆ, ನೆಲಕ್ಕಿಂತ ಕೆಳಗೆ ಯಾರು ಬೀಳ್ತಾರೆ ಅತ್ತೆ, ಕೊಡಿ. ಬೇಡ ಕಣಮ್ಮಾ, ಅವನು ಬಂದ್ಮೇಲೆ. ಕೊಡಿ ಅತ್ತೆ, ನನ್ನದು ಅದು. ಅತ್ತೆ ಸೆರಗು ಬಿಟ್ಟು ಮಗುವನ್ನು ನನ್ನ ಎದೆಯ ಮೇಲೆ ಕೂರಿಸಿ ಅದರ ಕಂಕುಳಲ್ಲಿ ಕೈಕೊಟ್ಟು ಹಿಡಿದರು, ಎಷ್ಟು ಭಾರ, ಎಚ್ಚರದ ಮಗು ಇಷ್ಟು ಭಾರವಾ, ನಾನು ಕೆನ್ನೆ ಉಬ್ಬಿಸಿ ಬುಸ್ಸೆಂದೆ, ಅದು ನಕ್ಕಿತು, ದವಡೆ ಹೋಯಿತು, ಕೈ ಹೋಯಿತು, ರೆಪ್ಪೆ ಅರ್ಧಕ್ಕೆ ಇಳಿಯಿತು, ಮುಖದ ಮೇಲೆ ನಗು ಇಲ್ಲ, ಒಳಗೆ ತುಂಬಿಕೊಂಡಿದೆ, ಮಗು ಬಗ್ಗಿ ನನ್ನ ಸತ್ತ ಮುಖ ನೋಡುತ್ತಿದೆ, ಸುಮ್ಮನಾಯಿತು, ತುಟಿ ಮುದುರಿತು, ಅಯ್ಯೋ ಅಳಬೇಡ, ಇದ್ದೇನೆ ನಾನು, ಇಲ್ಲೇ ಇದ್ದೇನೆ — ಅಮ್ಮಂಗೆ ಕೇಳಿಸ್ತಿದೆ ಕಂದಾ, ಅತ್ತೆಯ ದನಿ, ಅವಳಿಗೆ ಎಲ್ಲಾ ಕೇಳಿಸತ್ತೆ, ನಗು, ನೀನು ನಗು — ಅವರೂ ಬುಸ್ಸೆಂದರು, ಮಗು ನನ್ನ ಮುಖದ ಮೇಲೇ ಬಾಯಿ ತೆರೆಯಿತು, ಕೆಳಗಿನ ವಸಡಿನಲ್ಲಿ ಏನೋ ಬಿಳಿ, ಹಲ್ಲು, ಯಾರೂ ಹೇಳಿರಲಿಲ್ಲ, ಹೇಳಿದರೆ ಖುಷಿಪಟ್ಟು ಬೀಳುತ್ತಾಳೆಂದು ಹೇಳಿರಲಿಲ್ಲ, ಅಕ್ಕಿನುಚ್ಚಿನಷ್ಟು, ಮುಟ್ಟಬೇಕು, ಬೆರಳು ಏಳುವುದಿಲ್ಲ, ಹಲ್ಲು, ಜೊಲ್ಲಿನಲ್ಲಿ ಹೊಳೆಯುತ್ತಿರುವ ಹಲ್ಲು, ಒಂದು ಹಲ್ಲು