ಮಾವನ ಕೋಷ್ಟಕ

ಅತ್ತೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಬಾಗಿಲ ತನಕ ಹಿಂದಕ್ಕೆ ಸರಿದಿದ್ದರು. ಸೊಸೆ ಉಳಿದೆರಡು ಮೂಲೆ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದಳು. ಒಮ್ಮೆ ಝಾಡಿಸಿ, ಮಧ್ಯಕ್ಕೆ ಬಂದು ಮೂಲೆಗೆ ಮೂಲೆ ಕೂಡಿಸಬೇಕು ಅನ್ನುವಷ್ಟರಲ್ಲಿ ಊಟದ ಮೇಜಿನ ಕಡೆಯಿಂದ ಮಾವನ ಕೂಗು ಬಂತು.

"ಏನಮ್ಮಾ, ನನ್ನ ಕೋಷ್ಟಕಕ್ಕೆ ಕೈ ಹಾಕಿದ್ದು ಯಾರು?"

ಸೊಸೆ ಕಣ್ಣು ಮುಚ್ಚಿಕೊಂಡಳು.

"ಕಣ್ಣು ಆಮೇಲೆ ಮುಚ್ಚೋವಂತೆ, ಮೊದಲು ಎಳಿಯೇ. ನೆಲಕ್ಕೆ ತಾಗ್ತಾ ಇದೆ" ಎಂದರು ಅತ್ತೆ.

"ಯಾರೂ ಹಾಕಿಲ್ಲ ಮಾವ" ಎಂದು ಸೊಸೆ ಅಲ್ಲಿಂದಲೇ ಕೂಗಿದಳು. "ಪಕ್ಕಕ್ಕೆ ಎತ್ತಿಟ್ಟಿದ್ದೀನಿ ಅಷ್ಟೆ. ಅದಿಲ್ಲದೆ ಹೇಗೆ ಓಡತ್ತೆ ಅಂತ ನೋಡೋಕೆ."

"ಅದಿಲ್ಲದೆ ಓಡಲ್ಲ, ತೆವಳತ್ತೆ!"

"ತೆವಳಿದ್ರೆ ತೆವಳಲಿ, ಊರು ಸೇರಿದ್ರೆ ಸಾಕು" ಎಂದು ಅವಳು ಹಲ್ಲಿನ ಸಂದಿಯಲ್ಲೇ ಅಂದುಕೊಂಡದ್ದು ಅತ್ತೆಗೆ ಕೇಳಿಸಿತು. ಅತ್ತೆ ನಗು ತಡೆದುಕೊಂಡು ಬೆಡ್‌ಶೀಟನ್ನು ಕೈಗೆ ತೆಗೆದುಕೊಂಡರು. "ಹೋಗು ಹೋಗು. ನೀನು ಹೋಗೋ ತನಕ ಅವರ ಬಾಯಿ ಮುಚ್ಚಲ್ಲ. ಉಳಿದದ್ದು ನಾನೇ ಹೇಗೋ ಮಡಿಸ್ಕೋತೀನಿ."

ಆ ಮನೆಯಲ್ಲಿ ಊಟದ ಮೇಜು ಅನ್ನುವುದು ಹೆಸರಿಗೆ ಮಾತ್ರ. ಅದರ ಅರ್ಧದ ಮೇಲೆ ಸರ್ಕ್ಯೂಟ್ ಬೋರ್ಡುಗಳು, ವೈರುಗಳು, ಎರಡು ಲ್ಯಾಪ್‌ಟಾಪು. ಉಳಿದ ಅರ್ಧದಲ್ಲಿ ಮನೆಮಂದಿಯೆಲ್ಲ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಣ್ಣಬೇಕು. ಮಾವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಜಿನಿಯರಾಗಿದ್ದವರು. ಕೆಲಸದಲ್ಲಿರುವಾಗಲೇ ಬಿಡುವು ಮಾಡಿಕೊಂಡು ಸಿ ಭಾಷೆಯಲ್ಲಿ ಗೂಢಲಿಪಿಯ ಲೈಬ್ರರಿಯೊಂದನ್ನು ಬರೆದಿದ್ದರು. ಗೇಟು, ಮೀಟರು, ರಿಮೋಟುಗಳ ಒಳಗಿನ ಪುಟ್ಟ ಚಿಪ್‌ಗಳು ಒಂದಕ್ಕೊಂದು ಕಳಿಸುವ ಸಂದೇಶಗಳನ್ನು ನಡುವೆ ಯಾರೂ ಓದದಂತೆ, ತಿದ್ದದಂತೆ ಬೀಗ ಹಾಕುವ ಪ್ರೋಗ್ರಾಮುಗಳ ಗಂಟು ಅದು. ಬೇಕಾದವರು ಬೇಕಾದ ಹಾಗೆ ಪುಕ್ಕಟೆ ಬಳಸಿಕೊಳ್ಳಬಹುದು. "ಲೈಬ್ರರಿ ಅಂತೀರಿ, ಕೂತು ಓದೋಕೆ ಒಂದು ಪುಸ್ತಕ ಇಲ್ಲ" ಎಂದು ಅತ್ತೆ ಎಷ್ಟೋ ವರ್ಷಗಳಿಂದ ಅನ್ನುತ್ತಲೇ ಬಂದಿದ್ದರು.

ಸೊಸೆಗೂ ಅದೇ ವಿದ್ಯೆ ಗೊತ್ತಿತ್ತು; ಮದುವೆಗೆ ಮುಂಚೆ ಮೀಟರು ಮಾಡುವ ಕಂಪನಿಯೊಂದರಲ್ಲಿ ಅದೇ ಕೆಲಸ ಮಾಡಿದವಳು. ಮಾವನ ಕಣ್ಣು ಮಂಜಾದ ಮೇಲೆ "ಇನ್ನು ನೀನೇ ನೋಡ್ಕೋಮ್ಮ" ಎಂದು ಲೈಬ್ರರಿಯನ್ನು ಅವಳ ಕೈಗೆ ಒಪ್ಪಿಸಿದ್ದರು. ಒಪ್ಪಿಸಿದ್ದೂ ಹೆಸರಿಗೆ ಮಾತ್ರ. ಹೊಸ ಆವೃತ್ತಿ ಹೊರಗೆ ಹೋಗಬೇಕಾದರೆ ಅದರ ಮೇಲೆ ಮಾವನ ಡಿಜಿಟಲ್ ಸಹಿ ಬೀಳಬೇಕು. ಸಹಿ ಬೀಳಬೇಕಾದರೆ ಗುಪ್ತಪದ ಬೇಕು. ಆ ಗುಪ್ತಪದ ಇದ್ದದ್ದು ಮಾವನ ತಲೆಯಲ್ಲಿ, ಬೇರೆಲ್ಲೂ ಇಲ್ಲ.

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಪಂಪಕ್ಕ. ಅದು ಅತ್ತೆ ಇಟ್ಟ ಹೆಸರು. ಸಕ್ಕರೆ ಕಾಯಿಲೆಯವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಇನ್ಸುಲಿನ್ ಪಂಪು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಆಕೆ ಎಂಜಿನಿಯರು. ಯಾರೂ ಮುಖ ನೋಡಿದವರಲ್ಲ, ಬರೀ ಪತ್ರದ ಪರಿಚಯ. ಎಷ್ಟು ಔಷಧ ಬಿಡಬೇಕು ಅಂತ ಪಂಪಿಗೆ ಹೇಳುವುದು ಕೈಯಲ್ಲಿರುವ ರಿಮೋಟು, ಗಾಳಿಯಲ್ಲಿ ಹೋಗುವ ರೇಡಿಯೋ ಸಂದೇಶದಿಂದ. ಬೀಗವಿಲ್ಲದ ಸಂದೇಶವಾದರೆ ಪಕ್ಕದ ಬೆಂಚಿನಲ್ಲಿ ಕೂತ ಯಾವನೋ ಕಿಡಿಗೇಡಿ 'ಇನ್ನಷ್ಟು ಬಿಡು' ಅಂತ ಕಳಿಸಿದರೂ ಪಂಪು ಹೂಂ ಅನ್ನುತ್ತದೆ, ರೋಗಿಯ ಜೀವಕ್ಕೇ ಕುತ್ತು ಬರುತ್ತದೆ. ಆದರೆ ಪಂಪಿನೊಳಗಿನ ಚಿಪ್ ತೀರ ಚಿಕ್ಕದು, ಮಾವನ ಲೈಬ್ರರಿ ಅದರ ಮೆಮೊರಿಯಲ್ಲಿ ಹಿಡಿಸುವುದಿಲ್ಲ. ಅದರ ಗಾತ್ರ ಸ್ವಲ್ಪ ಇಳಿಸಿಕೊಡಲು ಆಗುತ್ತದೆಯೇ ಎಂದು ಆಕೆ ಕೇಳಿ ತಿಂಗಳುಗಳೇ ಆಗಿದ್ದವು. 'ಆಗುತ್ತದೆ, ಇಗೋ ತಗೊಳ್ಳಿ' ಎಂಬ ಉತ್ತರವನ್ನು ಸೊಸೆ ಬರೆದಿಟ್ಟೂ ಅಷ್ಟೇ ದಿನವಾಗಿತ್ತು. ಉತ್ತರ ಮಾತ್ರ ಇದ್ದಲ್ಲೇ ಇತ್ತು, ಕಾರಣ ಮಾವ.

ಮೊದಲು ಪ್ರೋಗ್ರಾಮಿನೊಳಗೆ ಅವಳು ಇಟ್ಟ ಹೆಸರುಗಳು ಸರಿಯಿಲ್ಲ ಅಂದರು. ಆಮೇಲೆ, ಬೇರೆ ಬೇರೆ ಹೊತ್ತಿಗೆ ನಡೆಯುವ ಎರಡು ಕೆಲಸಕ್ಕೆ ಮೆಮೊರಿಯಲ್ಲಿ ಒಂದೇ ಜಾಗ ಹಂಚಿಕೊಟ್ಟದ್ದಕ್ಕೆ "ಎರಡು ಸಂಸಾರಕ್ಕೆ ಒಂದೇ ಬಚ್ಚಲು ಮಾಡ್ತೀಯಲ್ಲಮ್ಮ" ಎಂದು ಗೊಣಗಿದರು. ಅದನ್ನೂ ಒಪ್ಪಿಸಿ ಆಯಿತು. ಕೊನೆಗೆ ಉಳಿದದ್ದು ಕೋಷ್ಟಕ. ಬೀಗ ಹಾಕುವಾಗ ಮತ್ತೆ ಮತ್ತೆ ಬೇಕಾಗುವ ಲೆಕ್ಕಗಳ ಉತ್ತರವನ್ನೆಲ್ಲ, ಚಿಪ್ ಎಚ್ಚರಾದ ಕೂಡಲೇ ಒಮ್ಮೆ ಕಟ್ಟಿ ಮೆಮೊರಿಯಲ್ಲಿ ಹರಡಿಟ್ಟುಕೊಳ್ಳುವ ಉಪಾಯ ಅದು. ಮಗ್ಗಿ ಬಾಯಿಪಾಠ ಮಾಡಿದವರು ಗುಣಿಸುತ್ತ ಕೂರುವುದಿಲ್ಲವಲ್ಲ, ಹಾಗೆ. ಮಾವನ ಲೈಬ್ರರಿಗೆ ಚುರುಕು ಅಂತ ಹೆಸರು ಬಂದದ್ದೇ ಅದರಿಂದ. ಜಾಗ ನುಂಗುತ್ತಿದ್ದದ್ದೂ ಅದೇ.

ಸೊಸೆ ಮೇಜಿನ ಬಳಿಗೆ ಬಂದಾಗ ಮಾವ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು.

"ನಾಲ್ಕು ಪಟ್ಟು ನಿಧಾನ! ನನ್ನ ಹೆಸರು ಹಾಕ್ಕೊಂಡು ಇದು ಹೊರಗೆ ಹೋಗ್ಬೇಕಾ?"

"ಮಾವ, ಆ ಪಂಪು ರಿಮೋಟಿನ ಜೊತೆ ಮಾತಾಡೋದೇ ಆಗೊಂದು ಈಗೊಂದು ಸಲ. ನಾಲ್ಕು ಪಟ್ಟಾದ್ರೂ ರೆಪ್ಪೆ ಬಡಿಯೋಷ್ಟು ಹೊತ್ತು ಆಗಲ್ಲ. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತೆ."

"ನೀವೇನ್ರೀ ಅದನ್ನ ಸೊಂಟಕ್ಕೆ ಕಟ್ಕೊಳ್ತೀರಾ?" ಎಂದು ಅತ್ತೆ ಒಳಗಿನಿಂದ ಕೇಳಿದರು.

"ನೀನು ಸುಮ್ನಿರು. ಇದು ಬೇರೆ ವಿಷಯ."

"ಅದೇ ವಿಷಯ! ಊಟ, ತಿಂಡಿ, ನಿದ್ದೆ, ಎಲ್ಲದಕ್ಕೂ ಅದೇ ವಿಷಯ!"

ಸೊಸೆ ಲ್ಯಾಪ್‌ಟಾಪನ್ನು ಮಾವನ ಕಡೆಗೆ ತಿರುಗಿಸಿದಳು. ಬೆಳಿಗ್ಗೆ ಪಂಪಕ್ಕನಿಂದ ಬಂದ ಪತ್ರ ತೆರೆದೇ ಇತ್ತು. ನಾಳೆ ಕಾರ್ಖಾನೆಯಲ್ಲಿ ಚಿಪ್‌ಗಳಿಗೆ ಪ್ರೋಗ್ರಾಂ ತುಂಬಿಸುತ್ತಾರೆ. ಇವತ್ತು ಸಂಜೆಯೊಳಗೆ ನಿಮ್ಮ ಲೈಬ್ರರಿ ಕೈಸೇರದಿದ್ದರೆ ಬೀಗವಿಲ್ಲದೆಯೇ ಪಂಪು ಮಾರುಕಟ್ಟೆಗೆ ಹೋಗಲಿ ಅಂತ ನಮ್ಮ ಮಾಲೀಕರು ತೀರ್ಮಾನಿಸಿದ್ದಾರೆ. ನಾನು ವಾದ ಮಾಡಿ ಸೋತೆ, ಏನಾದರೂ ಮಾಡಿ ಎಂದು ಬರೆದಿದ್ದಳು.

ಮಾವ ಎರಡು ಸಲ ಓದಿದರು. "ಇದನ್ನ ಮೊದಲೇ ಹೇಳ್ಬಾರದಾ?"

ಸೊಸೆಗೆ ಮೈಯೆಲ್ಲ ಉರಿಯಿತು. "ಇಷ್ಟು ತಿಂಗಳಿಂದ ಇನ್ನೇನು ಹೇಳ್ತಾ ಇದ್ದೆ ಮಾವ ನಾನು? ಕಥೆ ಹೇಳ್ತಿದ್ನಾ?"

"ಸರಿ ಸರಿ, ರೇಗ್ಬೇಡ. ಕೋಷ್ಟಕ ನಾಲ್ಕು ಭಾಗ ಇದೆ. ಮೂರು ಬಿಡ್ತೀನಿ, ಒಂದಾದ್ರೂ ಉಳಿಸ್ಕೋತೀನಿ. ಕಾಫಿ ಕಾಯಿಸ್ಕೊಂಡು ಬಾ, ಅಷ್ಟರಲ್ಲಿ ಕೂರಿಸಿ ತೋರಿಸ್ತೀನಿ."

ಕಾಫಿ ಬಂತು, ಆರಿತು, ಅತ್ತೆ ಮತ್ತೆ ಬಿಸಿ ಮಾಡಿ ತಂದರು, ಮತ್ತೆ ಆರಿತು. ಮಾವ ಎರಡು ಬೆರಳಲ್ಲಿ ಟಪಟಪ ಕುಟ್ಟುತ್ತಿದ್ದರು. ಸೊಸೆ ಪಕ್ಕದಲ್ಲಿ ಕೂತು ಬಗ್ಗಿ ನೋಡಿದರೆ "ನೆರಳು ಬೀಳತ್ತೆ, ಆಚೆ ಸರಿ" ಅನ್ನುವುದು, ಎದ್ದು ಹೋದರೆ "ಎಲ್ಲಿ ಹೋದ್ಯಮ್ಮ?" ಅನ್ನುವುದು. ಮಧ್ಯಾಹ್ನದ ಊಟ ಮುಗಿದು ತಟ್ಟೆ ಎತ್ತುವ ಹೊತ್ತಿಗೆ ಮಾವ ಕುರ್ಚಿಯಿಂದ ಅರ್ಧ ಎದ್ದರು.

"ನೋಡಮ್ಮ! ಬಾರೇ, ನೀನೂ ನೋಡು! ಹಿಡಿಸ್ತು!"

ಪಂಪಕ್ಕ ಕಳಿಸಿದ್ದ, ಪಂಪಿನದೇ ಚಿಪ್ ಇರುವ ಚಿಕ್ಕ ಬೋರ್ಡಿನಲ್ಲಿ ಪ್ರೋಗ್ರಾಂ ಓಡುತ್ತಿತ್ತು. 'ಎರಡು ಯೂನಿಟ್ ಬಿಡು' ಎಂಬ ಸಂದೇಶಕ್ಕೆ ಬೀಗ ಬಿತ್ತು, ಪರದೆಯ ಮೇಲೆ ಅರ್ಥವಿಲ್ಲದ ಅಂಕಿಗಳು ಮೂಡಿದವು. ಅದೇ ಬೋರ್ಡು ಬೀಗ ತೆಗೆಯಿತು. 'ಎರಡು ಯೂನಿಟ್ ಬಿಡು' ಎಂದು ಇದ್ದದ್ದು ಇದ್ದ ಹಾಗೇ ಹೊರಬಂತು. ಪರೀಕ್ಷೆ ಪಾಸು. ವೇಗವೂ ಹೆಚ್ಚುಕಡಿಮೆ ಮೊದಲಿನಷ್ಟೇ.

"ಕೋಷ್ಟಕ ಹಿಡಿಸಲ್ಲ ಅಂತಿದ್ಯಲ್ಲ, ಈಗ ಹೇಗೆ ಹಿಡಿಸ್ತು? ಕಳಿಸು ಕಾಗದ. ಸಹಿ ಹಾಕ್ತೀನಿ, ಸ್ವಲ್ಪ ಆ ಕಡೆ ಸರಿ."

ತಿಂಗಳುಗಟ್ಟಲೆ ಕಾದಿದ್ದ ಮಾತು ಕೊನೆಗೂ ಆ ಬಾಯಿಂದ ಬಂದಿತ್ತು. ಕಳಿಸಿಬಿಟ್ಟರೆ ಪೀಡೆ ಕಳೆಯಿತು, ಮನೆಯಲ್ಲಿ ನೆಮ್ಮದಿಯಾಗಿ ಒಂದು ತುತ್ತು ಉಣ್ಣಬಹುದು. ಸೊಸೆ ಉತ್ತರದ ಕಾಗದ ತೆರೆದಳು. ತೆರೆದವಳ ಕೈ ಅಲ್ಲೇ ನಿಂತಿತು. ಆ ಚಿಪ್‌ನಲ್ಲಿ ಎಷ್ಟು ಜಾಗ ಉಳಿದಿತ್ತು ಅನ್ನುವುದು ಅವಳಿಗೆ ಅಡುಗೆಮನೆಯ ಡಬ್ಬಿಗಳಷ್ಟೇ ಚೆನ್ನಾಗಿ ಗೊತ್ತಿತ್ತು. ಕೋಷ್ಟಕದ ಒಂದು ಭಾಗವೂ ಅಲ್ಲಿ ಹಿಡಿಸುವಂತಿರಲಿಲ್ಲ. ಇಲ್ಲದ ಜಾಗ ಎಲ್ಲಿಂದ ಬಂತು?

"ಮಾವ, ಒಂದು ನಿಮಿಷ."

"ಮತ್ತೇನು?"

"ಇದು ಹಾಕಿದ ಬೀಗ ಬೇರೆ ಬೋರ್ಡಿನಲ್ಲಿ ತೆಗೆಸಿ ನೋಡ್ಬೇಕು."

"ಅಯ್ಯೋ ರಾಮ! ಇಷ್ಟು ದಿನ ಕಳಿಸಿ ಕಳಿಸಿ ಅಂತ ನನ್ನ ಪ್ರಾಣ ತಿಂದೆ. ಈಗ ಕಳಿಸು ಅಂದ್ರೆ ನಿಂದೇ ತಗಾದೆ!"

ಅವಳು ಕಪಾಟಿನಿಂದ ಹಳೆಯ ದೊಡ್ಡ ಬೋರ್ಡನ್ನು ತೆಗೆದಳು. ಅದರಲ್ಲಿದ್ದದ್ದು ಇಳಿಸುವುದಕ್ಕೆ ಮುಂಚಿನ ಲೈಬ್ರರಿ. ಎರಡಕ್ಕೂ ಒಂದೇ ಕೀಲಿ, ಅಂದರೆ ಬೀಗ ಹಾಕಿ ತೆಗೆಯುವ ಗುಟ್ಟಿನ ಅಂಕಿಗಳನ್ನು ಕೊಟ್ಟು, ಚಿಕ್ಕದು ಬೀಗ ಹಾಕಿದ ಸಂದೇಶವನ್ನು ದೊಡ್ಡದಕ್ಕೆ ಉಣಿಸಿದಳು. ಪರದೆಯ ಮೇಲೆ ಕಸ ಬಂತು. ಇನ್ನೊಮ್ಮೆ ಮಾಡಿದಳು. ಮತ್ತೆ ಕಸ.

"ವೈರು ಸರಿಯಾಗಿ ಕೂತಿಲ್ಲ" ಎಂದರು ಮಾವ.

ವೈರು ಸರಿಯಾಗಿಯೇ ಕೂತಿತ್ತು. ಸೊಸೆ ಚಿಕ್ಕ ಬೋರ್ಡಿನ ಮೆಮೊರಿಯಲ್ಲಿ ಕೀಲಿ ಇರುವ ಜಾಗವನ್ನು ಪರದೆಗೆ ತಂದಳು. ಮೊದಲರ್ಧ ಕೊಟ್ಟ ಕೀಲಿಯೇ. ಉಳಿದರ್ಧ ಅವಳು ಕೊಟ್ಟದ್ದಲ್ಲ. ಬೇರೆ ಕೀಲಿ ಹಾಕಿದಳು. ಮೊದಲರ್ಧ ಬದಲಾಯಿತು, ಉಳಿದರ್ಧ ಜಪ್ಪಯ್ಯ ಅಂದರೂ ಬದಲಾಗದೆ ಹಾಗೇ ಕೂತಿತ್ತು.

ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಮೆಮೊರಿಯ ಒಂದು ತುದಿಯಲ್ಲಿ ಕೋಷ್ಟಕ, ಕೀಲಿ ಮುಂತಾದ ಸಾಮಾನು ಕೂತಿರುತ್ತದೆ. ಇನ್ನೊಂದು ತುದಿಯಿಂದ ಪ್ರೋಗ್ರಾಂ ತನ್ನ ತಾತ್ಕಾಲಿಕ ಕೆಲಸವನ್ನು ಹರಡಿಕೊಳ್ಳುತ್ತ ಬರುತ್ತದೆ. ಜಾಗ ಸಾಲದಿದ್ದರೆ ಒಂದು ಇನ್ನೊಂದರ ಮೇಲೆ ಕಾಲಿಟ್ಟೇ ಇಡುತ್ತದೆ. ಸಿ ಭಾಷೆ ಯಾರನ್ನೂ ತಡೆದು 'ಎಲ್ಲಿಗೆ?' ಎಂದು ಕೇಳುವುದಿಲ್ಲ. ಕೋಷ್ಟಕ ಕಟ್ಟುವ ಗಡಿಬಿಡಿಯಲ್ಲಿ ಮಾವನ ಪ್ರೋಗ್ರಾಂ ಅರ್ಧ ಕೀಲಿಯನ್ನು ತುಳಿದುಹಾಕಿತ್ತು. ಬೀಗ ಹಾಕುವಾಗಲೂ ಅದೇ ತುಳಿದ ಕೀಲಿ, ತೆಗೆಯುವಾಗಲೂ ಅದೇ. ಹಾಗಾಗಿ ಪರೀಕ್ಷೆ ಸುಸೂತ್ರವಾಗಿ ಪಾಸಾಗಿತ್ತು.

"ಪಂಪಿನಲ್ಲೂ ಇದೇ ಇರತ್ತೆ, ರಿಮೋಟಿನಲ್ಲೂ ಇದೇ ಇರತ್ತೆ" ಎಂದಳು ಸೊಸೆ. ದನಿ ತಾನಾಗಿಯೇ ತಗ್ಗಿತ್ತು. "ಎರಡೂ ಒಂದೇ ಥರ ತುಳೀತಾವೆ, ಚೆನ್ನಾಗಿ ಮಾತಾಡ್ಕೋತಾವೆ. ಯಾರಿಗೂ ತಿಳಿಯಲ್ಲ ಮಾವ. ಆದ್ರೆ ಪ್ರಪಂಚದಲ್ಲಿರೋ ಅಷ್ಟೂ ಪಂಪಿಗೆ ಅರ್ಧ ಕೀಲಿ ಒಂದೇ, ಕಿಡಿಗೇಡಿಗೆ ಉಳಿದರ್ಧ ಹುಡುಕಿದ್ರೆ ಸಾಕು."

ಮಾವ ಕನ್ನಡಕ ಒರೆಸಿಕೊಂಡು ಪರದೆಯನ್ನು ಮತ್ತೆ ನೋಡಿದರು. ಕೆಳಗಿನ ಬೀದಿಯಲ್ಲಿ ಯಾವುದೋ ಲಾರಿ ಹಿಂದೆ ಹಿಂದೆ ಬರುತ್ತ ಕೀಂಕೀಂ ಅನ್ನುತ್ತಿತ್ತು.

"ತಿಳಿದ ಉತ್ತರದ ಜೊತೆ ಹೋಲಿಸಿ ನೋಡೋ ಪರೀಕ್ಷೆ ಒಂದು ಇತ್ತಲ್ಲ" ಎಂದರು ಕೊನೆಗೆ. "ಅದಿದ್ರೆ ಆಗಲೇ ಸಿಕ್ಕಿಬೀಳ್ತಿತ್ತು. ಅದನ್ನ ತೆಗೆದದ್ದು ಯಾರು?"

"ನೀವೇ ಮಾವ. ಬೆಳಿಗ್ಗೆ. ಕೋಷ್ಟಕಕ್ಕೆ ಜಾಗ ಸಾಲಲ್ಲ ಅಂತ."

ಅತ್ತೆ ಗಂಡನ ಮುಖ ನೋಡಿ, ಆರಿದ ಕಾಫಿ ಲೋಟವನ್ನು ಎತ್ತಿಕೊಂಡರು. ಮಾವ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು. ಕಿಟಕಿಯ ತನಕ ಹೋದರು, ವಾಪಸ್ ಬಂದರು, ಸೊಸೆಯ ಕುರ್ಚಿಯ ಹಿಂದೆ ನಿಂತರು.

"ಎತ್ತಿಟ್ಟಿದ್ದೆಯಲ್ಲ, ಕೋಷ್ಟಕ ಇಲ್ಲದ್ದು. ಅದನ್ನ ಹಾಕು. ಆ ಪರೀಕ್ಷೆ ವಾಪಸ್ ಸೇರಿಸು. ದೊಡ್ಡ ಬೋರ್ಡಿನಲ್ಲೂ ಓದಿಸು."

ಸೇರಿಸಿದಳು. ತಿಳಿದ ಉತ್ತರ ಸರಿಯಾಗಿ ಬಂತು. ಚಿಕ್ಕದು ಹಾಕಿದ ಬೀಗವನ್ನು ದೊಡ್ಡದು ತೆಗೆಯಿತು, ದೊಡ್ಡದು ಹಾಕಿದ್ದನ್ನು ಚಿಕ್ಕದು ತೆಗೆಯಿತು. ಕೀಲಿ ಬದಲಾಯಿಸಿದರೆ ಪೂರ್ತಿ ಬದಲಾಯಿತು. ಮಾವ ಒಂದೊಂದನ್ನೂ ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದರು. ಹೊರಗೆ ಬಿಸಿಲು ಇಳಿಯುತ್ತಿತ್ತು.

"ಕಾಗದದಲ್ಲಿ ಬರಿ. ಮೊದಲಿನದಕ್ಕಿಂತ ನಿಧಾನ ಅಂತ. ಮುಚ್ಚಿಡ್ಬೇಡ."

ಸೊಸೆ ಬರೆದಳು.

"ಬರೀ ನಿಧಾನ ಅಂತ ಹಾಕಿದ್ಯಾ? 'ಸ್ವಲ್ಪ ನಿಧಾನ' ಅಂತ ಹಾಕು."

"ನಾಲ್ಕು ಪಟ್ಟು ಮಾವ."

ಮಾವ ಉಸಿರುಬಿಟ್ಟರು. "ಹಾಗೇ ಹಾಕು. ನಾಲ್ಕು ಪಟ್ಟು ಅಂತಲೇ ಹಾಕು. ಯಾಕೆ ಅಂತ ಕೇಳಿದ್ರೆ ನನ್ನನ್ನ ಕೇಳೋಕೆ ಹೇಳು. ಈಗ ಇಬ್ಬರೂ ಆ ಕಡೆ ತಿರುಗಿ, ಗುಪ್ತಪದ ಹೊಡೀಬೇಕು."

"ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಿಮ್ಮ ಗುಪ್ತಪದ ಕಟ್ಕೊಂಡು ನನಗೇನ್ರೀ ಆಗ್ಬೇಕು!" ಎಂದು ಬೈದುಕೊಳ್ಳುತ್ತಲೇ ಅತ್ತೆ ಗೋಡೆಗೆ ಮುಖ ಮಾಡಿದರು. ಸೊಸೆಯೂ ತಿರುಗಿದಳು. ಎರಡು ಬೆರಳಿನ ಟಪಟಪ ಸದ್ದು. ನಿಂತಿತು. "ತಪ್ಪಂತೆ" ಎಂದರು ಮಾವ. ಮತ್ತೆ ಟಪಟಪ. "ಮತ್ತೆ ತಪ್ಪಂತೆ! ನೀವಿಬ್ಬರೂ ಉಸಿರಾಡೋ ಸದ್ದಿಗೇ ನನಗೆ ಮರೀತಿದೆ!"

ಅತ್ತೆ ಸೊಸೆಯ ಕಡೆ ನೋಡಿದರು. ಸೊಸೆ ತುಟಿ ಕಚ್ಚಿಕೊಂಡು ಗೋಡೆಯ ಮೇಲಿನ ಬಣ್ಣ ಎದ್ದ ಜಾಗವನ್ನೇ ದಿಟ್ಟಿಸುತ್ತ ಉಸಿರು ಹಿಡಿದು ನಿಂತಳು. ಮೂರನೆಯ ಸಲ ಸಹಿ ಬಿತ್ತು.

ಅವಳು ಕೂತು, ಲೈಬ್ರರಿಯನ್ನು ಕಾಗದಕ್ಕೆ ಲಗತ್ತಿಸಿ, ಪಂಪಕ್ಕನ ವಿಳಾಸವನ್ನು ಇನ್ನೊಮ್ಮೆ ನೋಡಿದಳು.

"ತಾಳು, ಎರಡನೇ ಸಾಲಿನಲ್ಲಿ 'ಕೋಷ್ಟಕ' ಆದ ಮೇಲೆ ಒಂದು ಅಲ್ಪವಿರಾಮ..."

ಸೊಸೆ ಗುಂಡಿ ಒತ್ತಿದಳು.

"...ಹಾಕಿದ್ರೆ ಓದೋಕೆ ಸಲೀಸು. ಏನು, ಹೋಯ್ತಾ?"

"ಹೋಯ್ತು ಮಾವ."

"ಅಲ್ಪವಿರಾಮ?"

"ಹೋಯ್ತು!"