ಕವರ್ ತೆಗೆಯದ ಸೋಫಾ

ಕಚೇರಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು 'ಸೀಲ್ ಸಾಹೇಬ್ರು' ಎನ್ನುತ್ತಿದ್ದರು. ಸರ್ಕಾರಿ ಖರೀದಿ ವಿಭಾಗದ ಮುಖ್ಯಸ್ಥರು. ಸೂಜಿಯಿಂದ ಜನರೇಟರ್‌ವರೆಗೆ ಏನೇ ಕೊಳ್ಳಲಿ, ಟೆಂಡರಿನ ಮೊದಲ ಷರತ್ತು ಒಂದೇ: ಹೊಚ್ಚಹೊಸದಾಗಿರಬೇಕು, ಸೀಲ್ ಒಡೆದಿರಬಾರದು. ಮನೆಯಲ್ಲೂ ಅದೇ ಕಾನೂನು. ಸೋಫಾ ತಂದು ಎಷ್ಟೋ ವರ್ಷವಾದರೂ ಅದರ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. "ಯಾರಾದ್ರೂ ಬಂದಾಗ ತೆಗೆದ್ರಾಯ್ತು" ಎನ್ನುತ್ತಿದ್ದರು. ಬರುತ್ತಿದ್ದವಳು ಅಕ್ಕ ಒಬ್ಬಳೇ, ಅವಳಿಗೆ ಅಡುಗೆಮನೆಯ ಸ್ಟೂಲೇ ಗತಿ. ಅವಳಾದರೂ ಎಷ್ಟು ದಿನ ಬಂದಾಳು? ಈಗ ಫೋನಿನಲ್ಲೇ ಮಾತು.

ಐವತ್ತು ದಾಟಿದ ಈ ಒಂಟಿ ಮನುಷ್ಯನನ್ನು ಒಂದು ದಿನ ಚಕ್ರೀಯ ಆರ್ಥಿಕತೆಯ ತರಬೇತಿಗೆ ಕೂರಿಸಿದರು. ಹಳೆಯದನ್ನು ಎಸೆದು ಹೊಸದನ್ನು ಕೊಳ್ಳುವ ಬದಲು, ರಿಪೇರಿಯಾಗಿ ಮತ್ತೆ ಬಳಕೆಗೆ ಬಂದ ಸಾಮಾನನ್ನೂ ಕಚೇರಿಗಳು ಕೊಳ್ಳಬೇಕಂತೆ. ಉಳಿದವರೆಲ್ಲ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿದ್ದರು, ಕಣ್ಣು ಮಾತ್ರ ಗಡಿಯಾರದ ಮೇಲೆ. ತರಬೇತಿಯ ಮೇಡಂ ಬಲು ಗಟ್ಟಿಗಿತ್ತಿ, ಎಲ್ಲರನ್ನೂ ಎಬ್ಬಿಸಿ ಉಗ್ರಾಣಕ್ಕೆ ಕರೆದೊಯ್ದರು. ಸಾಹೇಬರೇ ಹಿಂದೆಂದೋ ಹೆಚ್ಚಿಗೆ ಇರಲಿ ಎಂದು ಕೊಂಡಿದ್ದ ಕುರ್ಚಿಗಳು ಅಲ್ಲಿದ್ದವು, ಪ್ಲಾಸ್ಟಿಕ್ ಸುತ್ತಿದ್ದು ಸುತ್ತಿದ ಹಾಗೇ.

"ಒಂದನ್ನ ಬಿಚ್ಚಿ ಕೂತ್ಕೊಳ್ಳಿ ಸರ್."

ಕೂತರು. ಒಳಗಿನ ಸ್ಪಂಜು ಪುಡಿಪುಡಿಯಾಗಿ ಕಡಲೆಹಿಟ್ಟಿನ ಹಾಗೆ ನೆಲಕ್ಕೆ ಸುರಿಯಿತು. ಹಿಂದೆ ಯಾರೋ ಕಿಸಕ್ಕೆಂದರು.

"ಯಾರೂ ಕೂತಿಲ್ಲ, ಆದ್ರೂ ಹಾಳಾಗಿದೆ ನೋಡಿ," ಎಂದರು ಮೇಡಂ. "ಕೂತು ಸವೆದಿದ್ರೆ ಯಾರಿಗಾದ್ರೂ ಉಪಯೋಗಕ್ಕಾದ್ರೂ ಬಂದಿರೋದು."

ಆ ಮಾತು ಸಾಹೇಬರ ಜೊತೆ ಮನೆಗೂ ಬಂತು. ಸಂಜೆ ಅಕ್ಕನಿಗೆ ಫೋನ್ ಮಾಡಿದರು.

"ಅಕ್ಕ, ನೀನು ಹೇಳಿದ್ಯಲ್ಲ, ಆ ಲೈಬ್ರರಿಯವರು... ಅವರು ಇನ್ನೂ ಒಬ್ರೇನಾ?"

ಗಂಡನನ್ನು ಕಳೆದುಕೊಂಡ, ಲೈಬ್ರರಿಯಲ್ಲಿ ಕೆಲಸ ಮಾಡುವ ತನ್ನ ಗೆಳತಿಯ ಮಾತನ್ನು ಹಿಂದೊಮ್ಮೆ ತಮ್ಮನ ಮುಂದೆ ಎತ್ತಿದ್ದವಳು ಅಕ್ಕನೇ. "ಒಂದ್ಸಲ ಮದುವೆ ಆದವಳು ನಂಗೆ ಬೇಡ" ಎಂದು ಆ ಗೆಳತಿಗೆ ಕೇಳಿಸುವ ಹಾಗೆಯೇ ಹೇಳಿದ್ದವರು ಇವರು.

"ಒಬ್ಬಳೇ ಇದಾಳೆ ಕಣೋ. ಮಾತಾಡೋ ಮುಂಚೆ ಸ್ವಲ್ಪ ಯೋಚ್ನೆ ಮಾಡು, ನಿನ್ನ ಬಾಯಿ ನಂಗೆ ಗೊತ್ತು."

ಯೋಚನೆಯನ್ನೇನೋ ಬೇಕಾದಷ್ಟು ಮಾಡಿದರು, ಅದೇ ಎಡವಟ್ಟಾಯಿತು. ಜೀವನವಿಡೀ ಟೆಂಡರ್ ಬರೆದವರಿಗೆ ಬೇರೆ ಭಾಷೆ ಎಲ್ಲಿಂದ ಬರಬೇಕು?

ಲೈಬ್ರರಿಯಲ್ಲಿ ಆಕೆ ಬೆನ್ನು ಹರಿದ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದರು. ಇವರು ನಿಂತಲ್ಲೇ ಪಾಠ ಒಪ್ಪಿಸಿದರು. "ಅವತ್ತು ನಾನು ಹಾಗೆ ಹೇಳಬಾರದಿತ್ತು. ಮೊನ್ನೆ ನಮಗೆ ಕುರ್ಚಿ-ಮೇಜು ಕೊಳ್ಳೋ ಬಗ್ಗೆ ಒಂದು ತರಬೇತಿ ಆಯ್ತು. ಒಂದ್ಸಲ ಬಳಸಿದ್ದು ಅನ್ನೋ ಕಾರಣಕ್ಕೆ ಬೇಡ ಅನ್ನೋದು ತಪ್ಪು ಅಂತ ಈಗ ಅರ್ಥ ಆಗಿದೆ."

ಮಾತು ಆಡಿದರೆ ಹೋಯಿತು. ಆಕೆಯ ಕೈಯ ಬ್ರಷ್ ನಿಂತಿತು. ನಕ್ಕುಬಿಡುತ್ತಾರೇನೋ ಅನ್ನಿಸಿತು, ನಗಲಿಲ್ಲ.

"ನಾನು ಕುರ್ಚಿ ಅಲ್ಲ ಸರ್," ಎಂದರು ಮೆಲ್ಲಗೆ. "ನಮ್ಮ ಯಜಮಾನರ ಜೊತೆ ಜಗಳ ಆಡಿದೀನಿ, ನಕ್ಕಿದೀನಿ, ಕೊನೆಗೆ ಕಾಯಿಲೇಲಿ ಅವರ ಮೈ ಒರೆಸಿದೀನಿ. ಅದರಿಂದ ನಾನೇನೂ ಸವೆದಿಲ್ಲ. ನೀವು ಇಷ್ಟು ವರ್ಷ ಯಾರ ಜೊತೆ ಬದುಕಿದ್ರಿ?"

ಸಾಹೇಬರು ಕೈಗೆ ಸಿಕ್ಕಿದ ಪುಸ್ತಕವೊಂದನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟರು. ಆಕೆಗೆ ಕನಿಕರ ಬಂತೇನೋ, "ಅಕ್ಕನ್ನ ಕೇಳಿದೆ ಅಂತ ಹೇಳಿ" ಎಂದು ಮತ್ತೆ ಅಂಟಿನ ಡಬ್ಬಿಗೆ ಬ್ರಷ್ ಅದ್ದಿದರು.

ಮನೆಗೆ ಬಂದವರೇ ಕತ್ತರಿ ಹಿಡಿದು ಸೋಫಾದ ಕವರನ್ನು ಉದ್ದಕ್ಕೂ ಸೀಳಿದರು. ಪ್ಲಾಸ್ಟಿಕ್ ಹಳದಿಗಟ್ಟಿ, ಒಳಗಿನ ಬಟ್ಟೆ ನೀಲಿ ಎನ್ನುವುದೇ ಮರೆತುಹೋಗಿತ್ತು. ಯಾರದೋ ಮನೆಗೆ ಬಂದ ನೆಂಟನ ಹಾಗೆ ಒಂದು ತುದಿಯಲ್ಲಿ ಮುದುಡಿ ಕೂತರು. ಪುಡಿ ಉದುರೀತೆಂದು ಹೆದರಿದ್ದರು, ಉದುರಲಿಲ್ಲ. ಸೋಫಾ ಗಟ್ಟಿಯಾಗಿಯೇ ಇತ್ತು. ಇಷ್ಟು ವರ್ಷ ಇದರ ಮೇಲೆ ಮೂರು ಜನ ಆರಾಮಾಗಿ ಕೂರಬಹುದಿತ್ತಲ್ಲ ಎನ್ನಿಸಿತು.

ಅಕ್ಕನ ಫೋನ್ ಬಂತು. "ಏನಂದ್ಲೋ?"

"ನಿನ್ನ ಕೇಳಿದೆ ಅಂತ ಹೇಳೋಕೆ ಹೇಳಿದ್ರು. ಅಕ್ಕ, ಸೋಫಾ ಕವರ್ ತೆಗೆದೆ."

"ಹೌದಾ! ಯಾರು ಬಂದಿದಾರೋ ಮನೆಗೆ?"

ಅವರು ಪಕ್ಕದ ಖಾಲಿ ಜಾಗದ ಮೇಲೆ ಕೈಯಾಡಿಸಿದರು.

"ಯಾರೂ ಬಂದಿಲ್ಲ ಅಕ್ಕ."